ಎರೆ ನೆಲದ ಪಿಕಪ್‌ಗೆ ಬೇಕಾದ ಸಾಮಾನು: ಸಲಿಕೆ ಮೊದಲು, ಹಗ್ಗ ಕೊನೆಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಪಿಕಪ್ ಹುಗಿಯುವ ಜಾಗ ಹೆಚ್ಚಾಗಿ ಡಾಂಬರಿನಿಂದ ಇಳಿದ ಮೊದಲ ಐವತ್ತು ಅಡಿಯೊಳಗೇ ಇರುತ್ತದೆ. ಸಿಂಧನೂರು, ಕಾರಟಗಿ ಕಡೆ ಭತ್ತದ ಚೀಲ ತರಲು ಬದುವಿಗೆ ಹೋದ ಗಾಡಿ, ಮಾನ್ವಿ ಕಡೆ ಹತ್ತಿ ತುಂಬಲು ಎರೆ (ಕಪ್ಪು ಜೇಡಿ ಮಣ್ಣಿನ) ಹೊಲಕ್ಕೆ ಇಳಿದ ಗಾಡಿ, ನಾಲೆ ಏರಿಯ ಮೇಲೆ ಎದುರಿನ ಟ್ರಾಲಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದ ಗಾಡಿ, ಮೂರರ ಕತೆಯೂ ಒಂದೇ. ಆಮೇಲೆ ಎಲ್ಲರೂ ಹುಡುಕುವುದು ಹಗ್ಗವನ್ನು. ಬೇಕಾದದ್ದು ಸಲಿಕೆ.

ಆನ್‌ಲೈನಿನಲ್ಲಿ 'ರಿಕವರಿ ಕಿಟ್' ಎಂದು ಮಾರುವ ಕೆಂಪು ಚೀಲಗಳಲ್ಲಿ ಬರುವುದು ಬಹುಪಾಲು ಮರಳಿನ ಮೇಲೆ ಓಡುವ ಫೋರ್ ವೀಲ್ ಜೀಪುಗಳಿಗೆ ಒಪ್ಪುವ ಸಾಮಾನು. ನಮ್ಮದು ಹಿಂದಿನ ಎರಡು ಗಾಲಿಯಿಂದ ಓಡುವ ಗಾಡಿ, ಹಿಂದೆ ಒಂದೂವರೆ ಟನ್ ಭಾರ, ಕೆಳಗೆ ಎರೆ. ಮಸಾರಿ (ಕೆಂಪು ಮಣ್ಣಿನ) ನೆಲ ಮಳೆ ನಿಂತ ಕೆಲವು ತಾಸಿಗೆ ಗಾಲಿ ಹಿಡಿಯುತ್ತದೆ. ಎರೆ ಹಾಗಲ್ಲ. ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಕಚ್ಚುಗಳನ್ನು ತುಂಬಿ ನುಣುಪು ಮಾಡುತ್ತದೆ, ಮೇಲೆ ಒಣಗಿದಂತೆ ಕಂಡರೂ ಒಂದು ಗೇಣು ಕೆಳಗೆ ಬೆಣ್ಣೆಯ ಹಾಗೆ ಇರುತ್ತದೆ. ಹೊಲಕ್ಕೆ ಇಳಿಯುವ ಮುಂಚೆ ಇಪ್ಪತ್ತು ಹೆಜ್ಜೆ ನಡೆದು ನೋಡಿ. ಚಪ್ಪಲಿಗೆ ಎರಡು ಬೆರಳು ದಪ್ಪ ಮಣ್ಣು ಮೆತ್ತಿತೆಂದರೆ ಗಾಡಿ ರಸ್ತೆಯ ಮೇಲೇ ಇರಲಿ, ಚೀಲಗಳು ತಲೆಹೊರೆಯಲ್ಲೋ ಟ್ರ್ಯಾಕ್ಟರ್ ಮೇಲೋ ಬರಲಿ. ಹಮಾಲಿ ನೂರಿನ್ನೂರು ಹೆಚ್ಚಾದರೂ ಕ್ಲಚ್ ಪ್ಲೇಟಿಗಿಂತ ಅಗ್ಗ.

ಅಗೆಯುವ ಸಾಮಾನು

ಗಿಡ್ಡ ಹಿಡಿಯ, ಚೂಪು ತುದಿಯ ಸಲಿಕೆ ಒಂದು. ಉದ್ದ ಹಿಡಿಯದು ಗಾಡಿಯ ಕೆಳಗೆ ತಿರುಗುವುದಿಲ್ಲ, ಮಡಚುವ ಆಟಿಕೆ ಸಲಿಕೆ ಎರೆ ಹೆಂಟೆಗೆ ಬಾಗುತ್ತದೆ. ಅದರ ಜೊತೆ ಕಬ್ಬಿಣದ ಪುಟ್ಟಿ ಒಂದು, ಮತ್ತೆ ಎರಡಡಿ ಉದ್ದದ ಕಬ್ಬಿಣದ ಪಟ್ಟಿ ಒಂದು. ಪಟ್ಟಿಯ ಒಂದು ತುದಿಯನ್ನು ಗ್ರೈಂಡರಿಗೆ ಹಿಡಿದು ಉಳಿಯ ಹಾಗೆ ಮಾಡಿಸಿ. ಎರೆಯಲ್ಲಿ ಗಾಡಿ ನಿಲ್ಲಲು ನೆಲ ಮೆತ್ತಗಿರುವುದೊಂದೇ ಕಾರಣವಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಸುತ್ತು ಸುತ್ತಾಗಿ ಸೇರಿ, ಕೊನೆಗೆ ಬ್ರೇಕ್ ಹಾಕಿದಂತೆ ಗಾಲಿಯನ್ನೇ ಹಿಡಿದುಬಿಡುತ್ತದೆ. ಆ ಮಣ್ಣು ಕೈಗೆ ಬರುವುದಿಲ್ಲ, ಸಲಿಕೆ ಒಳಗೆ ಹೋಗುವುದಿಲ್ಲ. ಪಟ್ಟಿಯಿಂದ ಮೇಲಿಂದ ಕೆಳಕ್ಕೆ ಕೆರೆದು ತೆಗೆಯಬೇಕು. ಕೆರೆಯುವಾಗ ಗಾಲಿಯ ಒಳಬದಿಯ ಬ್ರೇಕ್ ಪೈಪಿಗೆ ತಗಲದಂತೆ ಒಂದು ಕಣ್ಣಿರಲಿ.

ಗಾಲಿ ತಿರುಗುತ್ತಿದೆ, ಗಾಡಿ ಕದಲುತ್ತಿಲ್ಲ ಎಂದು ಗೊತ್ತಾದ ಕ್ಷಣ ಆಕ್ಸಿಲರೇಟರ್ ಬಿಡಿ. ಮುಂದಿನ ಹತ್ತು ಸೆಕೆಂಡಿನ ಹಟವೇ ರಿಮ್‌ವರೆಗೆ ಹುಗಿದದ್ದನ್ನು ಆಕ್ಸಲ್‌ವರೆಗೆ ಹುಗಿಸುವುದು. ಇಳಿದು ಮೊದಲು ನೋಡಬೇಕಾದದ್ದು ಎರಡು: ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು (ಎರಡು ಗಾಲಿಗೆ ಬಲ ಹಂಚುವ ಗೇರುಗಳ ಗೂಡು) ಮಣ್ಣಿನ ಮೇಲೆ ಕೂತಿದೆಯೇ, ಗಾಲಿಯ ಹಿಂದೆ ಎಷ್ಟು ಎತ್ತರದ ಗೋಡೆ ನಿಂತಿದೆ. ಗುಂಡು ಕೂತಿದ್ದರೆ ಗಾಲಿಯ ಮುಂದೆ ಎಷ್ಟು ಅಗೆದರೂ ದಂಡ, ಗುಂಡಿನ ಕೆಳಗಿನದನ್ನು ಮೊದಲು ಖಾಲಿ ಮಾಡಿ. ಒಂದೇ ಗಾಲಿ ಸುತ್ತುತ್ತಿದ್ದರೂ ಎರಡೂ ಕಡೆ ಅಗೆಯಿರಿ. ಲಾಕ್ ಇಲ್ಲದ ಡಿಫರೆನ್ಷಿಯಲ್ ಹಗುರ ಸಿಕ್ಕ ಗಾಲಿಯನ್ನು ಸುತ್ತಿಸುತ್ತದೆ, ಹಿಡಿತ ಇರುವ ಗಾಲಿ ಸುಮ್ಮನೆ ನಿಂತಿರುತ್ತದೆ. ಹ್ಯಾಂಡ್ ಬ್ರೇಕನ್ನು ಒಂದೆರಡು ಕಚ್ಚು ಮಾತ್ರ ಏರಿಸಿ ಮೆಲ್ಲಗೆ ಕ್ಲಚ್ ಬಿಟ್ಟರೆ ಸುತ್ತುವ ಗಾಲಿ ತುಸು ತಡೆದು ಇನ್ನೊಂದಕ್ಕೂ ಬಲ ಹೋಗುತ್ತದೆ. ಒಂದೆರಡು ಸಲಕ್ಕೆ ಬರದಿದ್ದರೆ ಬಿಟ್ಟುಬಿಡಿ, ಬ್ರೇಕ್ ಲೈನರ್ ಸುಡುತ್ತದೆ.

ಹಿಂದಕ್ಕೇ ತೆಗೆಯುವುದು ಲೇಸು. ಬಂದ ಗಾಲಿ ಜಾಡು ಆಗಲೇ ಅದುಮಿ ಗಟ್ಟಿಯಾಗಿರುತ್ತದೆ. ಮುಂದಿನ ನೆಲ ಹೇಗಿದೆಯೋ ಗೊತ್ತಿಲ್ಲ. ಪ್ರತಿ ಗಾಲಿಯ ಹಿಂದೆ ಮೂರು ಅಡಿ ಉದ್ದಕ್ಕೆ ಇಳಿಜಾರು ಕಡಿದು, ಅದರಲ್ಲಿ ನಾಲ್ಕೈದು ಪುಟ್ಟಿ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಹಾಕಿ ತುಳಿಯಿರಿ. ಗರಸು ಸಿಗದಿದ್ದರೆ ಒಣ ತೊಗರಿ ಕಟ್ಟಿಗೆ ಅಥವಾ ಹತ್ತಿ ಕಟ್ಟಿಗೆಯನ್ನು ಜಾಡಿಗೆ ಅಡ್ಡವಾಗಿ ಹಾಸಿ. ಭತ್ತದ ಹುಲ್ಲು ಹಾಕುವ ರೂಢಿ ಇದೆ, ಅದು ಎರಡು ಸುತ್ತಿಗೇ ಗಾಲಿಗೆ ಸುತ್ತಿಕೊಂಡು ಹೊರಗೆ ಬೀಳುತ್ತದೆ. ಒಣ ಹುಲ್ಲು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಮಾತು ಬೇರೆ. ಬದುವಿನಲ್ಲಿ ಕೈಗೆ ಸಿಕ್ಕಿತೆಂದು ಬಳ್ಳಾರಿ ಜಾಲಿಯ ಟೊಂಗೆ ಮಾತ್ರ ಹಾಕಬೇಡಿ. ಕೆಸರಿನಿಂದ ಹೊರಬಂದ ಗಾಡಿ ರಸ್ತೆಗೆ ಸೇರುವಷ್ಟರಲ್ಲಿ ಎರಡು ಗಾಲಿ ಕೂತಿರುತ್ತವೆ.

ಗಾಲಿಯ ಕೆಳಗೆ ಹಾಕುವ ಪ್ಲಾಸ್ಟಿಕ್ ಹಲಗೆ ಕೊಳ್ಳುವುದಾದರೆ ಕೊಳ್ಳಿ. ಅದರ ಕೆಲಸವನ್ನೇ ಮಾಡುವುದನ್ನು ಹೊಸಪೇಟೆಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಸಬಹುದು: ನಾಲ್ಕಡಿ ಉದ್ದ, ಹತ್ತು ಇಂಚು ಅಗಲದ ಏಣಿ ಎರಡು, ಅಂಚಿಗೆ ಆಂಗಲ್, ನಡುವೆ ನಾಲ್ಕು ನಾಲ್ಕು ಇಂಚಿಗೆ 12 ಎಂಎಂ ಸರಳು. ಒಂದೊಂದಕ್ಕೂ ಒಂದು ತುದಿಯಲ್ಲಿ ಆರಡಿ ಕೆಂಪು ಹಗ್ಗ ಕಟ್ಟಿಡಿ. ಗಾಡಿ ದಾಟಿದ ಮೇಲೆ ಏಣಿ ಎರೆಯೊಳಗೆ ಮುಳುಗಿ ಕಾಣದಂತಾಗುತ್ತದೆ, ಹಗ್ಗ ಹಿಡಿದು ಜಗ್ಗಿದರೆ ಮೇಲೆ ಬರುತ್ತದೆ. ಗಾಲಿ ಸುತ್ತಿದಾಗ ಏಣಿ ಗಾಡಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಚಿಮ್ಮುವುದುಂಟು, ಆ ನೇರಕ್ಕೆ ಯಾರೂ ನಿಲ್ಲಬಾರದು.

ಟೈರಿನ ಗಾಳಿ ಇಳಿಸುವ ಉಪಾಯ ತುಂಗಭದ್ರೆ, ಕೃಷ್ಣೆಯ ದಂಡೆಯ ಉಸುಕಿನಲ್ಲಿ ಚೆನ್ನಾಗಿ ನಡೆಯುತ್ತದೆ. ಖಾಲಿ ಗಾಡಿಗೆ 20 ಪಿಎಸ್‌ಐವರೆಗೆ ಇಳಿಸಬಹುದು. ಎರೆಯಲ್ಲಿ ಅದರ ಲಾಭ ಕಡಿಮೆ, 25ಕ್ಕೆ ನಿಲ್ಲಿಸಿ. ಭಾರ ತುಂಬಿದ ಗಾಡಿಗೆ ಇಳಿಸಲೇಬೇಡಿ, ಟೈರಿನ ಪಕ್ಕ ಮುರಿಯುತ್ತದೆ. ಇಳಿಸಿದ ಮೇಲೆ ಸ್ಟಿಯರಿಂಗ್ ಜೋರಾಗಿ ತಿರುಗಿಸಬಾರದು, 20 ಕಿಲೋಮೀಟರ್ ವೇಗ ದಾಟಬಾರದು, ಡಾಂಬರ್ ಹತ್ತುವ ಮುಂಚೆ ತುಂಬಿಕೊಳ್ಳಬೇಕು. ಅದಕ್ಕೆ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ 12 ವೋಲ್ಟಿನ ಕಂಪ್ರೆಸರ್ ಬೇಕು. ಸಿಗರೇಟ್ ಸಾಕೆಟ್ಟಿಗೆ ಚುಚ್ಚುವಂಥದು ಕಾರಿನ ಟೈರಿಗೆ ಸಾಕಾದೀತು, ಪಿಕಪ್ಪಿನ ಹಿಂದಿನ ಟೈರಿಗೆ ಒಯ್ದರೆ ಫ್ಯೂಸ್ ಹಾರುತ್ತದೆ ಅಥವಾ ಅದೇ ಕಾದು ನಿಲ್ಲುತ್ತದೆ.

ಜಗ್ಗುವ ಸಾಮಾನು, ಮತ್ತು ಅದರ ಅಪಾಯ

ಗಾಡಿ ರಿಮ್‌ವರೆಗೆ ಹುಗಿದಿದ್ದರೆ ಅದನ್ನು ಜಗ್ಗಲು ಸುಮಾರು ಗಾಡಿ ಮತ್ತು ಸರಕಿನ ಒಟ್ಟು ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್‌ವರೆಗೆ ಹುಗಿದಿದ್ದರೆ ಅದರ ದುಪ್ಪಟ್ಟು. ಒಂದೂವರೆ ಟನ್ ಸರಕಿನ ಪಿಕಪ್ ಮೂರು ಟನ್ ಎಂದಿಟ್ಟುಕೊಂಡರೆ ಆರು ಟನ್ ಜಗ್ಗಬೇಕಾಯಿತು. ಚೀಲಗಳನ್ನು ಇಳಿಸಿದರೆ ಅರ್ಧ ಹೋಯಿತು, ಅರ್ಧ ತಾಸು ಅಗೆದರೆ ಇನ್ನಷ್ಟು ಹೋಯಿತು. ಹಗ್ಗ ಹರಿಯುವುದು, ಹುಕ್ ಕಿತ್ತು ಬರುವುದು ಇವೆರಡನ್ನೂ ಮಾಡದೆ ಜಗ್ಗಲು ಹೋದಾಗಲೇ. ಇಳಿಸಿದ ಚೀಲಗಳನ್ನು ರಾಡಿಯಲ್ಲಿ ಇಡಲಾಗದು ಎನ್ನುವವರಿಗೆ ಗಾಡಿಯಲ್ಲೇ ಒಂದು ತಾಡಪಲ್ ಇರಲಿ. ಹಾಸಲೂ ಆಯಿತು, ಮಳೆ ಬಂದರೆ ಮುಚ್ಚಲೂ ಆಯಿತು.

ಹಗ್ಗದ ಬದಲು ಬೆಲ್ಟ್ ಸ್ಲಿಂಗ್ ಇಟ್ಟುಕೊಳ್ಳಿ. ಕ್ರೇನಿನವರು ಬಳಸುವ, ಎರಡೂ ತುದಿಗೆ ಕಿವಿ ಹೊಲಿದ ಪಾಲಿಯೆಸ್ಟರ್ ಪಟ್ಟಿ ಅದು. ಬಣ್ಣದಿಂದಲೇ ಅದರ ತಾಕತ್ತು ಗೊತ್ತಾಗುತ್ತದೆ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5. ಪಿಕಪ್‌ಗೆ ಹಳದಿಯದು, ಆರು ಮೀಟರ್ ಉದ್ದದ್ದು, ಎರಡು. ಒಂದು ಸಾಲದಿದ್ದರೆ ಶ್ಯಾಕಲ್ಲಿನಿಂದ (ಪಿನ್ ಹಾಕಿ ಮುಚ್ಚುವ ಕಬ್ಬಿಣದ ಕೊಂಡಿ) ಸೇರಿಸಬಹುದು, ಟ್ರ್ಯಾಕ್ಟರ್ ಗಟ್ಟಿ ನೆಲದ ಮೇಲೆ ನಿಲ್ಲುವಷ್ಟು ದೂರ ಸಿಗಬೇಕಲ್ಲ. ಸ್ಲಿಂಗನ್ನು ಸ್ಲಿಂಗಿಗೆ ಗಂಟು ಹಾಕಬೇಡಿ, ಗಂಟು ಬಿದ್ದಲ್ಲಿ ಬಲ ಅರ್ಧಕ್ಕಿಳಿಯುತ್ತದೆ, ಬಿಚ್ಚಲೂ ಬರುವುದಿಲ್ಲ. ಅಂಚು ಹರಿದ, ಹೊಲಿಗೆ ಬಿಟ್ಟ ಸ್ಲಿಂಗ್ ಮೂಟೆ ಕಟ್ಟಲು ಹೋಗಲಿ.

ಪಾಲಿಯೆಸ್ಟರ್ ಪಟ್ಟಿ ಅಷ್ಟಾಗಿ ಹಿಗ್ಗುವುದಿಲ್ಲ. ಆದ್ದರಿಂದ ಅದರಲ್ಲಿ ಜಟಕಾ ಕೊಟ್ಟು ಎಳೆಯುವಂತಿಲ್ಲ, ಮೊದಲು ಬಿಗಿ ಮಾಡಿ ಆಮೇಲೆ ನಿಧಾನಕ್ಕೆ. ಸರಪಳಿಗೂ ತಂತಿ ಹಗ್ಗಕ್ಕೂ ಇದೇ ಮಾತು, ಇನ್ನೂ ಬಿಗಿಯಾಗಿ. ಜಟಕಾ ಕೊಟ್ಟೇ ಎಳೆಯಬೇಕೆಂದರೆ ಹಿಗ್ಗುವ ನೈಲಾನ್ ಹಗ್ಗ ಬೇರೆಯೇ ಬರುತ್ತದೆ. ಟ್ರ್ಯಾಕ್ಟರ್ ಸಿಗುವ ಊರಲ್ಲಿ ಅದರ ಖರ್ಚು ಬೇಡ.

ಶ್ಯಾಕಲ್ ಎರಡು, ಬಿಲ್ಲಿನ ಆಕಾರದವು, ಮುಕ್ಕಾಲು ಇಂಚಿನವು, ಮೈಮೇಲೆ 4.75 ಟನ್ ಎಂದು ಅಚ್ಚು ಇರುವಂಥವು. ಅಚ್ಚಿಲ್ಲದ ಶ್ಯಾಕಲ್ ಹೊಲದ ಗೇಟಿಗೆ ಸರಿ. ಪಿನ್ ಪೂರ್ತಿ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಜಗ್ಗಿದ ಮೇಲೆ ಪಾನಾ ಹಾಕಿದರೂ ಬಿಚ್ಚದು.

ಎಲ್ಲಿಗೆ ಸಿಗಿಸುವುದು? ಮುಂದೆ ಕಂಪನಿ ಕೊಟ್ಟ ಹುಕ್ ಛಾಸಿಗೆ ಸೇರಿರುತ್ತದೆ, ಅದು ಸರಿ. ಹಿಂದೆ ಬಹಳ ಗಾಡಿಗಳಿಗೆ ನಂಬುವಂಥ ಹುಕ್ಕೇ ಇರುವುದಿಲ್ಲ, ಆಗ ಕಂಡದ್ದಕ್ಕೆ ಕಟ್ಟುತ್ತಾರೆ. ಬಂಪರ್, ಹಗ್ಗ ಬಿಗಿಯುವ ಬಾಡಿಯ ಕೊಂಡಿ, ಸ್ಟಿಯರಿಂಗ್ ರಾಡು, ಪಾಟಾ (ಸ್ಪ್ರಿಂಗ್ ಪಟ್ಟಿ), ಬ್ರೇಕ್ ಪೈಪ್ ಹಾದಿರುವ ಆಕ್ಸಲ್ ಇವು ಯಾವುವೂ ಬೇಡ. ಗಾಡಿ ಕೊಂಡ ತಿಂಗಳಲ್ಲೇ ಡೀಲರ್ ಹತ್ತಿರ ಹಿಂದಿನ ಛಾಸಿಗೆ ಹೈ ಟೆನ್ಸೈಲ್ ಬೋಲ್ಟಿನ ಹುಕ್ ಕೂರಿಸಿಕೊಳ್ಳಿ. ಛಾಸಿಗೆ ವೆಲ್ಡಿಂಗ್ ಹೊಡೆಸಬೇಡಿ, ಕಾದ ಜಾಗದ ಪಕ್ಕದಲ್ಲೇ ಮುಂದೆ ಬಿರುಕು ಬರುತ್ತದೆ.

ಇನ್ನು ಟ್ರ್ಯಾಕ್ಟರ್. ಸ್ಲಿಂಗ್ ಸಿಗಿಸಬೇಕಾದದ್ದು ಟ್ರಾಲಿ ಸಿಗಿಸುವ ಕೆಳಗಿನ ಡ್ರಾಬಾರಿಗೆ, ಮೇಲಿನ ಟಾಪ್ ಲಿಂಕಿಗಲ್ಲ, ಸೀಟಿನ ಹಿಂದಿನ ಯಾವ ಕಬ್ಬಿಣಕ್ಕೂ ಅಲ್ಲ. ಹಿಂದಿನ ಆಕ್ಸಲ್‌ಗಿಂತ ಎತ್ತರದಲ್ಲಿ ಕಟ್ಟಿ ಜಗ್ಗಿದರೆ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ, ಚಾಲಕ ಕ್ಲಚ್ ಒತ್ತಬೇಕೆಂದು ಯೋಚಿಸುವುದರೊಳಗೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಅವನ ಮೇಲೇ ಬೀಳುತ್ತದೆ. ಊರಿನವರು ಸೇರಿ 'ಏ ಜಗ್ಗೋ, ಇನ್ನೊಂದ್ಸಲ ಜಗ್ಗು' ಎಂದು ಕೂಗುವಾಗ ಇದನ್ನು ನೋಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಕಟ್ಟುವ ಕೆಲಸ ನೀವೇ ಮಾಡಿ, ನಿಮ್ಮ ಕಣ್ಣಿಂದ ನೋಡಿ. ಟ್ರ್ಯಾಕ್ಟರ್ ಲೋ ಒಂದನೇ ಗೇರಿನಲ್ಲಿ ಸ್ಲಿಂಗ್ ಬಿಗಿ ಮಾಡಲಿ, ನೀವು ರಿವರ್ಸಿನಲ್ಲೋ ಒಂದರಲ್ಲೋ ಸ್ಟಿಯರಿಂಗ್ ನೇರ ಹಿಡಿದು ತುಸುವೇ ಆಕ್ಸಿಲರೇಟರ್ ಕೊಡಿ. ಬಿಗಿಯಾದ ಸ್ಲಿಂಗಿನ ನಡುವೆ ಒದ್ದೆ ಗೋಣಿಚೀಲ ಎರಡು ಹೊದಿಸಿ. ಹರಿದರೆ ತುದಿ ಗಾಳಿಯಲ್ಲಿ ಹಾರದೆ ಕೆಳಗೆ ಬೀಳಲು ಅದು ಸಹಾಯ. ಜನ ಸ್ಲಿಂಗಿನ ಉದ್ದದ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ. ಮಕ್ಕಳನ್ನು ಇನ್ನೂ ದೂರ ಕಳಿಸಿ.

ನಾಲೆ ಏರಿಯ ಮೇಲೆ ಗಾಲಿ ಜಾರಿದರೆ ಲೆಕ್ಕ ಬೇರೆ. ಒಳಗಿದ್ದವರು ಏರಿಯ ಕಡೆಯ ಬಾಗಿಲಿನಿಂದ ಮೊದಲು ಇಳಿಯಬೇಕು. ಆಮೇಲೆ ಗಾಡಿಯ ಛಾಸಿಯಿಂದ ಏರಿಯ ಆಚೆಗಿನ ಮರಕ್ಕೋ ಟ್ರ್ಯಾಕ್ಟರಿಗೋ ಒಂದು ಸ್ಲಿಂಗ್ ಅಡ್ಡ ಬಿಗಿದು ಹಿಡಿಯದೆ, ಇನ್ನೊಂದರಿಂದ ಉದ್ದಕ್ಕೆ ಜಗ್ಗಬಾರದು. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಬೀಳುವ ಗಾಡಿಗೆ ಸಮಯ ಸಿಗುವುದಿಲ್ಲ. ಸೀಟ್ ಬೆಲ್ಟ್ ಕೊಯ್ಯುವ, ಗಾಜು ಒಡೆಯುವ ಸಣ್ಣ ಸುತ್ತಿಗೆಯನ್ನು ಚಾಲಕನ ಕೈಗೆ ಎಟುಕುವಂತೆ ಸಿಗಿಸಿ. ಒಡೆಯುವುದು ಪಕ್ಕದ ಗಾಜನ್ನು, ಅದೂ ಮೂಲೆಯಲ್ಲಿ. ಮುಂದಿನ ಗಾಜಿನ ನಡುವೆ ಪದರ ಇರುತ್ತದೆ, ಬಿರುಕು ಬಿಟ್ಟರೂ ಬೀಳುವುದಿಲ್ಲ.

ಯಾರೂ ಇಲ್ಲದ ಹೊತ್ತಿನಲ್ಲಿ ಕೈಯಿಂದ ಜಗ್ಗುವ ವಿಂಚ್ (ಹಿಡಿ ಆಡಿಸಿ ತಂತಿ ಎಳೆಯುವ ಸಾಧನ) ಒಂದೇ ಗತಿ. ಒಂದೂವರೆ ಟನ್ನಿಗಿಂತ ಕಡಿಮೆಯದು ಖಾಲಿ ಪಿಕಪ್‌ಗೂ ಸಾಲದು. ಮರ ಇದ್ದರೆ ಬುಡಕ್ಕೆ ಸ್ಲಿಂಗ್ ಸುತ್ತಿ ಕಟ್ಟಿ, ತಂತಿಯನ್ನು ನೇರ ಮರಕ್ಕೆ ಸುತ್ತಬೇಡಿ. ಎರೆ ಹೊಲದಲ್ಲಿ ಮರ ಎಲ್ಲಿ? ಆಗ ಸ್ಟೆಪ್ನಿಯೇ ಗೂಟ. ಜಗ್ಗುವ ದಿಕ್ಕಿಗೆ ಅಡ್ಡವಾಗಿ ಎರಡೂವರೆ ಮೂರು ಅಡಿ ಆಳದ ಗುಂಡಿ ತೋಡಿ, ಗಾಡಿಯ ಕಡೆಯ ಗೋಡೆ ನೆಟ್ಟಗಿರಲಿ. ಸ್ಟೆಪ್ನಿಯ ರಿಮ್ಮಿನ ನಡುವೆ ಹಾರೆ ಅಡ್ಡ ಕೊಟ್ಟು ಸ್ಲಿಂಗ್ ಪೋಣಿಸಿ, ಸ್ಟೆಪ್ನಿಯನ್ನು ಆ ಗೋಡೆಗೆ ಒರಗಿಸಿ ನಿಲ್ಲಿಸಿ. ಸ್ಲಿಂಗ್ ಹೊರಬರಲು ಗಾಡಿಯ ಕಡೆಗೆ ಓರೆಯಾದ ಸಣ್ಣ ಕಾಲುವೆ ಕಡಿದು, ಮಣ್ಣು ತುಂಬಿ ತುಳಿಯಿರಿ. ಕಾಲುವೆ ಕಡಿಯದಿದ್ದರೆ ಸ್ಲಿಂಗ್ ಮೇಲ್ಮುಖವಾಗಿ ಎಳೆದು ಸ್ಟೆಪ್ನಿಯನ್ನೇ ಕಿತ್ತು ತರುತ್ತದೆ. ಒಬ್ಬನಿಗೆ ಒಂದು ತಾಸಿನ ಕೆಲಸ. ಬಿಸಿಲಲ್ಲಾದರೆ ಇಳಿಹೊತ್ತಿನವರೆಗೆ ಕಾಯಿರಿ.

ಗಾಲಿ ಮತ್ತು ಜಾಕಿ

ಐದು ಟನ್ನಿನ ಬಾಟಲ್ ಜಾಕಿ, ಅದರ ಕೆಳಗೆ ಇಡಲು ಒಂದಡಿ ಚೌಕದ, ಎರಡು ಇಂಚು ದಪ್ಪದ ಬೇವಿನದೋ ಜಾಲಿಯದೋ ಹಲಗೆ. ಹಲಗೆ ಇಲ್ಲದೆ ಎರೆಯಲ್ಲಿ ಜಾಕಿ ಏರಿಸಿದರೆ ಗಾಡಿ ಏರುವುದಿಲ್ಲ, ಜಾಕಿ ಇಳಿಯುತ್ತದೆ. ವೀಲ್ ಪಾನಾದ ಜೊತೆ ಅದರ ಹಿಡಿಗೆ ತೂರಿಸುವ ಮೂರಡಿ ಜಿಐ ಪೈಪು. ಗಾಲಿ ನೆಲದ ಮೇಲಿರುವಾಗಲೇ ನಟ್ ಸಡಿಲಿಸಿ, ಆಮೇಲೆ ಎತ್ತಿ. ಬಿಗಿಯುವಾಗ ಎದುರುಬದುರು ನಟ್ ಕ್ರಮದಲ್ಲಿ, ಐವತ್ತು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಪೈಪನ್ನು ಬಿಚ್ಚಲು ಮಾತ್ರ ಬಳಸಿ. ಪೈಪ್ ಹಾಕಿ ಬಿಗಿದ ಸ್ಟಡ್ ಮುಂದಿನ ಸಲ ಮುರಿದೇ ಬರುತ್ತದೆ. ಗಾಲಿ ಉರುಳದಂತೆ ಒತ್ತು ಕೊಡಲು ಮರದ ಗುಟ್ಟೆ ಎರಡು ಇರಲಿ. ರಸ್ತೆಬದಿಯ ಕಲ್ಲು ಇಟ್ಟು ಹಾಗೇ ಬಿಟ್ಟು ಹೋಗುವ ಚಾಳಿ ನಮ್ಮಲ್ಲಿ ಬಹಳ. ರಾತ್ರಿ ಬೈಕಿನವರ ಜೀವ ಆ ಕಲ್ಲಿಗೆ ಹೋಗುತ್ತದೆ.

ಜಾಲಿ ಮುಳ್ಳು ಮೊಳೆಯ ಹಾಗಲ್ಲ. ತುದಿ ಒಳಗೇ ಮುರಿದು ಉಳಿಯುತ್ತದೆ, ಟೈರ್ ಒಂದೇ ಸಲ ಕೂರದೆ ದಿನಕ್ಕೆ ಐದಾರು ಪಿಎಸ್‌ಐ ಇಳಿಯುತ್ತಿರುತ್ತದೆ. ಟ್ಯೂಬ್‌ಲೆಸ್ ಆದರೆ ಸೋಪಿನ ನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕಿ, ಚೂಪು ಮೂತಿಯ ಇಕ್ಕಳದಿಂದ ಮುಳ್ಳು ಕಿತ್ತು, ಆಮೇಲೆ ಅಂಟು ಬತ್ತಿ ತುರುಕಿ. ಟ್ಯೂಬ್ ಟೈರ್ ಆದರೆ ಹಳೆ ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿಸಿದವರು ಎರಡು ಸಲ ದುಡ್ಡು ಕೊಡುತ್ತಾರೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಕೈಯಿಂದಲ್ಲ, ಬಟ್ಟೆಯಿಂದ: ಮುಳ್ಳು ಇದ್ದಲ್ಲಿ ನೂಲು ಸಿಕ್ಕುತ್ತದೆ. ಪಂಚರ್ ಸೊಲ್ಯೂಷನ್ ಟ್ಯೂಬು ಒಂದು ಬೇಸಿಗೆ ಕ್ಯಾಬಿನ್ನಿನಲ್ಲಿ ಕಳೆದರೆ ಒಣಗಿ ಹೋಗುತ್ತದೆ, ಪ್ರತಿ ಜೂನಿಗೆ ಹೊಸದು ತನ್ನಿ.

ಬ್ಯಾಟರಿ, ಬಿಸಿಲು, ಬೆಂಕಿ

ಜಂಪ್ ಕೇಬಲ್ 25 ಚದರ ಎಂಎಂ ತಾಮ್ರದ್ದು, ಮೂರು ಮೀಟರ್. ಅಗ್ಗದ ಕೇಬಲ್ಲಿನಲ್ಲಿ ದಪ್ಪ ಇರುವುದು ರಬ್ಬರಿಗೆ, ಒಳಗಿನ ತಂತಿ ಬೆರಳೆಣಿಕೆ. ಡೀಸೆಲ್ ಎಂಜಿನ್ ತಿರುಗಿಸುವ ಮುಂಚೆ ಅದು ಹೊಗೆಯಾಡುತ್ತದೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಎಂಜಿನ್ನಿನ ಬರಿ ಕಬ್ಬಿಣಕ್ಕೆ. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ. ಸಂಡೂರು, ಹೊಸಪೇಟೆ ರಸ್ತೆಯಲ್ಲಿ ನಿಲ್ಲಿಸಿ ಸಹಾಯ ಕೇಳಲು ಸುಲಭಕ್ಕೆ ಸಿಗುವವು ಅದಿರು ಟಿಪ್ಪರುಗಳು. ಅವು 24 ವೋಲ್ಟಿನವು. ಅವುಗಳಿಂದ ಕೇಬಲ್ ಎಳೆದರೆ ನಿಮ್ಮ 12 ವೋಲ್ಟಿನ ಗಾಡಿಯ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಸುಡುತ್ತದೆ. ಟ್ರ್ಯಾಕ್ಟರ್ ಅಥವಾ ಇನ್ನೊಂದು ಪಿಕಪ್ ಬರುವವರೆಗೆ ತಡೆಯಿರಿ.

ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಒಂದೊಂದರಲ್ಲಿ ಎರಡೆರಡು ಸಾಕು. ಬದಲಿಗೆ ತಂತಿ ಸುತ್ತುವ ಕೆಲಸ ಬೇಡ.

ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ರೇಡಿಯೇಟರ್ ಹೋಸು ಒಡೆಯುವುದು ಹೆಚ್ಚು. ಮೇಲಿನ ಹೋಸು ಒಂದು, ಅದರ ಕ್ಲಿಪ್ ನಾಲ್ಕು, ಫ್ಯಾನ್ ಬೆಲ್ಟ್ ಒಂದು, ತನಗೆ ತಾನೇ ಬೆಸೆಯುವ ಸಿಲಿಕೋನ್ ಟೇಪು ಒಂದು ಸುರುಳಿ, ಒಂದು ಲೀಟರ್ ಕೂಲೆಂಟ್, ಐದು ಲೀಟರ್ ನೀರು. ಆ ನೀರು ಎಂಜಿನ್ನಿಗೆ. ಕುಡಿಯಲು ಬೇರೆ ಐದು ಲೀಟರ್ ಮತ್ತು ಓಆರ್‌ಎಸ್ ಪೊಟ್ಟಣ, ಎರಡು ಕ್ಯಾನಿನ ಬಣ್ಣವೂ ಬೇರೆ ಇರಲಿ, ಕೂಲೆಂಟ್ ಸೋಕಿದ ಕ್ಯಾನಿನ ನೀರು ವಿಷ. ಸೂಜಿ ಕೆಂಪಿಗೆ ಹೋದ ಎಂಜಿನ್ ಅರ್ಧ ತಾಸಾದರೂ ಆರಲಿ. ಆಮೇಲೆ ಮುಚ್ಚಳದ ಮೇಲೆ ದಪ್ಪ ಗೋಣಿ ಹಾಕಿ ಮೊದಲ ಕಚ್ಚಿನವರೆಗೆ ತಿರುಗಿಸಿ ಆವಿ ಬಿಡಿ.

ಎರಡು ಕಿಲೋದ ಎಬಿಸಿ ಪೌಡರ್ ಬೆಂಕಿನಂದಕ ಸೀಟಿನ ಕೆಳಗೆ ಕ್ಲಾಂಪಿನಲ್ಲಿ. ತಿಂಗಳಿಗೊಮ್ಮೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ, ತಲೆಕೆಳಗು ಮಾಡಿ ಅಲ್ಲಾಡಿಸಿ. ಗಾಡಿ ಕುಲುಕಿ ಕುಲುಕಿ ಪೌಡರ್ ತಳದಲ್ಲಿ ಗಟ್ಟಿಯಾಗುತ್ತದೆ. ಹತ್ತಿ ಹೇರಿಗೆ ಬೆಂಕಿ ಬಿದ್ದರೆ ಇದು ಸಾಲದು, ಹತ್ತಿ ಒಳಗೊಳಗೇ ಉರಿಯುತ್ತದೆ. ಜನವನ್ನು ದೂರ ಸರಿಸಿ 112ಕ್ಕೆ ಕರೆ ಮಾಡಿ. ಹುಲ್ಲಿನ ಹೇರು ಜೋತ ಕರೆಂಟ್ ತಂತಿಗೆ ತಾಗಿದರೆ ಕ್ಯಾಬಿನ್ನಿನಲ್ಲೇ ಕೂತು ವಿದ್ಯುತ್ ಕಂಪನಿಯ 1912ಕ್ಕೆ ಹೇಳಿ ಲೈನ್ ತೆಗೆಸಬೇಕು. ಬೆಂಕಿ ಹತ್ತಿ ಕೂರಲು ಆಗದಿದ್ದರೆ ಮಾತ್ರ ಎರಡೂ ಕಾಲು ಜೋಡಿಸಿ ಹಾರಿ. ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು, ಹಾರಿದ ಮೇಲೆ ಕಾಲು ಜೋಡಿಸಿಕೊಂಡೇ ಸಣ್ಣ ಸಣ್ಣದಾಗಿ ಸರಿಯಬೇಕು.

ಹೆದ್ದಾರಿಯಲ್ಲಿ ನಿಂತರೆ ಕೆಂಪು ತ್ರಿಕೋನ ಗಾಡಿಯಿಂದ ನೂರು ಹೆಜ್ಜೆ ಹಿಂದೆ. ಹೊಳೆಯುವ ಜಾಕೆಟ್ ತೊಟ್ಟೇ ಇಳಿಯಿರಿ. ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033, ಆಂಬುಲೆನ್ಸಿಗೆ 108. ಮೊಬೈಲ್ ಸತ್ತಾಗ ಬೇಕಾಗುವ ಮನೆಯ, ಮೆಕ್ಯಾನಿಕ್ಕಿನ ನಂಬರುಗಳನ್ನು ಸನ್ ವೈಸರಿನ ಹಿಂದೆ ಕಾಗದದಲ್ಲಿ ಬರೆದಿಡಿ.

ಇದೆಲ್ಲ ಸೇರಿ ಅರವತ್ತು ಕಿಲೋ ಹತ್ತಿರ ಬರುತ್ತದೆ, ಒಂದು ಚೀಲದ ಬಾಡಿಗೆ ಹೋಯಿತೆಂದುಕೊಳ್ಳಿ. ಕ್ಯಾಬಿನ್ ಹಿಂದೆ ಬೋಲ್ಟ್ ಹಾಕಿದ ಬೀಗದ ಪೆಟ್ಟಿಗೆ, ತಳಕ್ಕೆ ನೀರಿಳಿಯಲು ಎರಡು ತೂತು. ಸಲಿಕೆ, ಪಟ್ಟಿ, ಏಣಿ ಕೊನೆಯಲ್ಲಿ ಇಟ್ಟು ಮೊದಲು ಕೈಗೆ ಬರುವಂತಿರಲಿ. ಹುಗಿದ ಗಾಡಿಯ ಹಿಂಬಾಗಿಲು ತೆರೆಯಲು ಬಾರದಿರಬಹುದು, ಅದಕ್ಕೆ ಪೆಟ್ಟಿಗೆಯ ಬಾಯಿ ಪಕ್ಕಕ್ಕಿರಬೇಕು. ಜಾಕಿಯನ್ನು ಕ್ಯಾಬಿನ್ನಿನಲ್ಲಿ ಬಿಡಿಯಾಗಿ ಇಡಬೇಡಿ, ಬ್ರೇಕ್ ಹೊಡೆದಾಗ ಪೆಡಲ್ ಕೆಳಗೆ ಬಂದು ಕೂರುತ್ತದೆ. ಬಳ್ಳಾರಿ ಕಡೆಯ ಅದಿರಿನ ಕೆಂಪು ಧೂಳು ಜಾಕಿಯ ಕಂಬಕ್ಕೂ ಶ್ಯಾಕಲ್ಲಿನ ತಿರುಪಿಗೂ ಸೇರಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಡೀಸೆಲ್ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಜಾಕಿಯ ಕಂಬ ಪೂರ್ತಿ ಇಳಿಸಿ ನೆಟ್ಟಗೆ ನಿಲ್ಲಿಸಿಡಿ. ಅಡ್ಡ ಮಲಗಿಸಿದ ಜಾಕಿಯ ಎಣ್ಣೆ ಸೋರಿ, ಬೇಕಾದ ದಿನ ಬರಿ ಕಬ್ಬಿಣದ ಗುಂಡಾಗಿರುತ್ತದೆ. ಬಳಸಿದ ಸ್ಲಿಂಗನ್ನು ಎರೆ ಮೆತ್ತಿದ ಹಾಗೇ ಸುತ್ತಿಡದೆ ಅವತ್ತೇ ತೊಳೆದು ನೆರಳಲ್ಲಿ ಒಣಹಾಕಿ.